ಮಗಳಿಗೆ ಲಸಿಕೆ ಸರಿ, ಅಮ್ಮನ ಪರೀಕ್ಷೆ ಯಾವಾಗ?

ಗರ್ಭಕಂಠದ (ಗರ್ಭಕೋಶದ ಬಾಯಿಯ) ಕ್ಯಾನ್ಸರ್ ತರುವ ವೈರಸ್ ಎಚ್‌ಪಿವಿ. ಅದರ ಲಸಿಕೆ ಬಗ್ಗೆ ಈಗ ಶಾಲೆಯ ವಾಟ್ಸಾಪ್ ಗುಂಪುಗಳಲ್ಲೂ ಮಾತು. ಹುಡುಗಿಗೆ ಹಾಕಿಸಬಹುದಾ, ಎಷ್ಟು ಡೋಸ್ ಅಂತ ಅಮ್ಮಂದಿರು ಕೇಳುತ್ತಾರೆ, ಸಂತೋಷ. ಆದರೆ ಕೇಳುವವರಿಗೇ ಮೂವತ್ತೆಂಟೋ ನಲವತ್ತೋ ಆಗಿರುತ್ತದೆ. ಸದ್ಯಕ್ಕೆ ಗರ್ಭಕಂಠದ ಕ್ಯಾನ್ಸರಿನ ಅಪಾಯ ಇರುವುದು ಅವರಿಗೆ, ಮಗಳಿಗಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಈ ಕ್ಯಾನ್ಸರಿನ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. 2022ರ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 1.27 ಲಕ್ಷ ಮಂದಿಗೆ ಈ ಕ್ಯಾನ್ಸರ್ ಬರುತ್ತದೆ, ಸುಮಾರು 80 ಸಾವಿರ ಮಂದಿ ಸಾಯುತ್ತಾರೆ. ಇಂದು ಹಾಕಿಸಿದ ಲಸಿಕೆಯ ಫಲ ಈ ಲೆಕ್ಕದಲ್ಲಿ ಕಾಣಲು ದಶಕಗಳೇ ಬೇಕು.

ಲಸಿಕೆಯ ವಿಚಾರ ಮೊದಲು ಮುಗಿಸುತ್ತೇನೆ. 9ರಿಂದ 14 ವರ್ಷದೊಳಗೆ ಶುರು ಮಾಡಿದರೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್. 15 ತುಂಬಿದ ಮೇಲೆ 0, 2, 6ನೇ ತಿಂಗಳಿಗೆ ಮೂರು. ಹೆಣ್ಣುಮಕ್ಕಳಿಗೆ ಒಂದೇ ಡೋಸ್ ಕೊಟ್ಟರೂ ಆದೀತು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಅದಕ್ಕೆ ಆಧಾರವಾದ ಅಧ್ಯಯನಗಳಲ್ಲಿ ನಮ್ಮ ದೇಶದ್ದೂ ಒಂದು. 2010ರಲ್ಲಿ ಖಮ್ಮಂ ಮತ್ತು ವಡೋದರದಲ್ಲಿ ನಡೆದ ಇನ್ನೊಂದು ಲಸಿಕೆ ಯೋಜನೆಯಲ್ಲಿ ಏಳು ಹುಡುಗಿಯರು ತೀರಿಕೊಂಡಾಗ ಸರ್ಕಾರ ಎಲ್ಲ ಎಚ್‌ಪಿವಿ ಲಸಿಕೆ ಅಧ್ಯಯನಗಳನ್ನೂ ನಿಲ್ಲಿಸಿತು. ಆ ಸಾವುಗಳಿಗೆ ಲಸಿಕೆ ಕಾರಣವಲ್ಲ ಎಂದು ವಿಚಾರಣೆಯಲ್ಲಿ ತಿಳಿಯಿತು. ಪೋಷಕರ ಒಪ್ಪಿಗೆ ಪಡೆದ ರೀತಿ ಮಾತ್ರ ತಪ್ಪಾಗಿತ್ತು, ಅದನ್ನು ಮುಚ್ಚಿಡಬಾರದು. ಹೀಗೆ ಅರ್ಧಕ್ಕೆ ನಿಂತ, ಮೊದಲು ಹೇಳಿದ ನಮ್ಮ ದೇಶದ ಅಧ್ಯಯನದಲ್ಲಿ ಸುಮಾರು 5,000 ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಹತ್ತು ವರ್ಷ ಗಮನಿಸಿದಾಗ, 16 ಮತ್ತು 18ನೇ ಬಗೆಯ ವೈರಸ್ ಮೈಯಲ್ಲಿ ಬೇರೂರುವುದನ್ನು ಆ ಒಂದು ಡೋಸೇ ಶೇ. 95ರಷ್ಟು ತಡೆದಿತ್ತು. ಗರ್ಭಕಂಠದ ಕ್ಯಾನ್ಸರುಗಳಲ್ಲಿ ಶೇ. 70ಕ್ಕೆ ಕಾರಣ ಇವೆರಡೇ. ಚುಚ್ಚಿದ ಮೇಲೆ ಹುಡುಗಿಯನ್ನು 15 ನಿಮಿಷ ಕೂರಿಸಿಕೊಳ್ಳಿ. ಈ ವಯಸ್ಸಿನವರು ಸೂಜಿಯ ಭಯಕ್ಕೇ ತಲೆಸುತ್ತಿ ಬೀಳುವುದುಂಟು.

ಈಗ ಅಮ್ಮಂದಿರ ವಿಷಯ. ವೈರಸ್ ತಗಲಿದವರಲ್ಲಿ ಹೆಚ್ಚಿನವರಿಗೆ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಉಳಿದುಕೊಂಡರೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15–20 ವರ್ಷ ಬೇಕು. ಇಷ್ಟು ಕಾಲಾವಕಾಶ ಕೊಡುವ ಕ್ಯಾನ್ಸರ್ ಅಪರೂಪ. ಅದಕ್ಕೇ 30ರಿಂದ 65 ವರ್ಷದವರೆಗೆ ಐದು ವರ್ಷಕ್ಕೊಮ್ಮೆ ಪರೀಕ್ಷೆ ಸಾಕು. ಎಚ್‌ಐವಿ ಇದ್ದವರು 25ಕ್ಕೇ ಶುರು ಮಾಡಬೇಕು, ಇನ್ನೂ ಬೇಗ ಬೇಗ ಮಾಡಿಸಬೇಕು.

ಸರ್ಕಾರಿ ಆಸ್ಪತ್ರೆಗಳಲ್ಲಿ ಮಾಡುವುದು ವಿಐಎ, ಅಂದರೆ ಕಣ್ಣಿನಿಂದಲೇ ನೋಡಿ ಮಾಡುವ ಪರೀಕ್ಷೆ. ಗರ್ಭಕಂಠಕ್ಕೆ ಶೇ. 3ರಿಂದ 5ರಷ್ಟಿನ ಅಸಿಟಿಕ್ ಆಮ್ಲ ಹಚ್ಚಿ ಪೂರ್ತಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಕೋಶಗಳಿರುವ ಜಾಗ ದಟ್ಟ ಬಿಳಿಯಾಗಿ, ಅಂಚು ಸ್ಪಷ್ಟವಾಗಿ ಏಳುತ್ತದೆ. ಆ ನಿಮಿಷ ಕಾಯದೆ ನೋಡಿದರೆ ಇದ್ದದ್ದೂ ಕಾಣುವುದಿಲ್ಲ. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗವೇ ಒಳಕ್ಕೆ ಸರಿದಿರುತ್ತದೆ, ಅವರಿಗೆ ವಿಐಎ ನಂಬಬೇಡಿ. ಅನುಕೂಲವಿದ್ದರೆ ಎಲ್ಲರಿಗೂ ಎಚ್‌ಪಿವಿ ಡಿಎನ್‌ಎ ಪರೀಕ್ಷೆಯೇ ಉತ್ತಮ. ಅದಕ್ಕೆ ಮಾದರಿಯನ್ನು ಹೆಂಗಸರು ತಾವೇ ಬ್ರಷ್‌ನಿಂದ ತೆಗೆದುಕೊಳ್ಳಬಹುದು. ನಾಚಿಕೆಗೆ ಹಿಂಜರಿಯುವವರಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಪರೀಕ್ಷೆ ಯಾವುದೇ ಆಗಲಿ, ಮುಟ್ಟಿನ ದಿನ ಬೇಡ. ಹಿಂದಿನ ಎರಡು ದಿನ ಸಂಭೋಗ ಬೇಡ, ಯೋನಿಯೊಳಗೆ ಮಾತ್ರೆ ಇಡುವುದೂ ಬೇಡ.

ಎಚ್‌ಪಿವಿ ಪಾಸಿಟಿವ್ ಅಂದರೆ ಕ್ಯಾನ್ಸರ್ ಅಲ್ಲ. ಸಂಭೋಗದಿಂದ ಹರಡುವ ಈ ವೈರಸ್ ಯಾವಾಗ, ಯಾರಿಂದ ಬಂತು ಎಂದು ಯಾವ ಪರೀಕ್ಷೆಯೂ ಹೇಳಲಾರದು, ಮದುವೆಯಾದ ಹೊಸದರಲ್ಲಿ ಬಂದದ್ದೂ ಇರಬಹುದು. ರಿಪೋರ್ಟ್ ಹಿಡಿದು ಗಂಡ ಹೆಂಡತಿ ಜಗಳಕ್ಕೆ ನಿಂತರೆ ಮುಂದಿನ ಚಿಕಿತ್ಸೆ ಅಲ್ಲೇ ನಿಲ್ಲುತ್ತದೆ. ಪರೀಕ್ಷೆಯಲ್ಲಿ ಬಿಳಿಯಾಗಿ ಕಂಡ ಗಾಯ ಚಿಕ್ಕದಾಗಿ, ಪೂರ್ತಿ ಕಣ್ಣಿಗೆ ಕಾಣುತ್ತಿದ್ದು, ಕ್ಯಾನ್ಸರಿನ ಅನುಮಾನವಿಲ್ಲದಿದ್ದರೆ 100 ಡಿಗ್ರಿ ಬಿಸಿಯ ಉಪಕರಣವನ್ನು 20–30 ಸೆಕೆಂಡು ಒತ್ತಿ ಸುಡುತ್ತಾರೆ. ಹೊಲಿಗೆ ಇಲ್ಲ, ಅಡ್ಮಿಟ್ ಇಲ್ಲ. ಮೂರ್ನಾಲ್ಕು ವಾರ ನೀರಿನಂತೆ ಸ್ರಾವ ಹೋಗುತ್ತದೆ, ಅದಕ್ಕೆ ಗಾಬರಿ ಬೇಡ, ಒಂದು ತಿಂಗಳು ಸಂಭೋಗ ಬೇಡ. ಗಾಯ ಒಳಗೆ ಹೋಗಿದ್ದರೆ ಲೀಪ್ ಮಾಡಿ, ಅಂದರೆ ವಿದ್ಯುತ್ ಹರಿಯುವ ತಂತಿಯ ಕುಣಿಕೆಯಿಂದ, ಆ ಭಾಗ ಕತ್ತರಿಸಿ ಪರೀಕ್ಷೆಗೆ ಕಳಿಸುತ್ತಾರೆ. ವರ್ಷದ ನಂತರ ಮತ್ತೆ ತೋರಿಸಲೇಬೇಕು.

ನನಗೆ ಅತ್ಯಂತ ಸಿಟ್ಟು ಬರುವುದು "ಬಿಳಿ ಹೋಗ್ತಿದೆ, ಗರ್ಭಕೋಶ ತೆಗೆದುಬಿಡೋಣ" ಅನ್ನುವ ಸಲಹೆಗೆ. ಗರ್ಭಕಂಠದ ಪರೀಕ್ಷೆ ಮಾಡದೆ ಸಾಮಾನ್ಯ ಆಪರೇಷನ್ ಮಾಡಿ, ಆಮೇಲೆ ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದರೆ ರೋಗಿ ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತಾರೆ. ಸುತ್ತಲಿನ ಅಂಗಾಂಶ ಉಳಿದಿರುತ್ತದೆ, ಒಳಗಿನಿಂದ ರೇಡಿಯೇಷನ್ ಕೊಡುವ ಉಪಕರಣ ಕೂರಬೇಕಾದ ಗರ್ಭಕೋಶವೇ ಇರುವುದಿಲ್ಲ. ಆಪರೇಷನ್‌ಗೆ ಸಹಿ ಹಾಕುವ ಮೊದಲು ಪ್ಯಾಪ್ (ಗರ್ಭಕಂಠದ ಕೋಶಗಳ ಪರೀಕ್ಷೆ) ಅಥವಾ ಎಚ್‌ಪಿವಿ ರಿಪೋರ್ಟ್ ಕೇಳಿ. ಸಂಭೋಗದ ನಂತರ ರಕ್ತ, ಮುಟ್ಟು ನಿಂತ ಮೇಲೆ ರಕ್ತ, ವಾಸನೆಯ ಸ್ರಾವ ಇದ್ದರೆ ಸ್ಕ್ರೀನಿಂಗ್ (ಲಕ್ಷಣವಿಲ್ಲದವರಿಗೆ ಮಾಡುವ ಪರೀಕ್ಷೆ) ಅಲ್ಲ, ನೇರ ಬಯಾಪ್ಸಿಯ ಮಾತು.

ತೀರಾ ಆರಂಭದಲ್ಲಿ ಸಿಕ್ಕ ಕ್ಯಾನ್ಸರಿಗೆ ಆಪರೇಷನ್. ಮುಂದೆ ಹೋಗಿದ್ದರೆ ಸುಮಾರು ಐದು ವಾರ ಹೊರಗಿನಿಂದ ಕರೆಂಟ್ (ರೇಡಿಯೇಷನ್), ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ, ಕೊನೆಗೆ ಒಳಗಿನಿಂದ ಕೊಡುವ ರೇಡಿಯೇಷನ್, ಅಂದರೆ ಬ್ರಾಕಿಥೆರಪಿ. ಎಲ್ಲವೂ ಎಂಟು ವಾರದೊಳಗೆ ಮುಗಿಯಬೇಕು. ಮೂರನೇ ನಾಲ್ಕನೇ ವಾರಕ್ಕೆ ರಕ್ತಸ್ರಾವ ನಿಲ್ಲುತ್ತದೆ, ವಾಸಿಯಾಯಿತು ಅಂತ ಊರಿಗೆ ಹೋಗಿಬಿಡುತ್ತಾರೆ. ಬ್ರಾಕಿಥೆರಪಿ ತಪ್ಪಿದರೆ ಗಡ್ಡೆಗೆ ಬೇಕಾದಷ್ಟು ಡೋಸ್ ಸೇರುವುದೇ ಇಲ್ಲ, ರೋಗ ಅಲ್ಲೇ ಮರಳುತ್ತದೆ. ಹಿಮೋಗ್ಲೋಬಿನ್ ಇಳಿದರೆ ರಕ್ತ ಹಾಕಿಸಿಕೊಳ್ಳಿ, ಸಿಸ್‌ಪ್ಲಾಟಿನ್ ದಿನಗಳಲ್ಲಿ ಕಿಡ್ನಿಗಾಗಿ ಡಾಕ್ಟರು ಹೇಳಿದಷ್ಟು ನೀರು ಕುಡಿಯಿರಿ. ಮುಗಿದ ಮೇಲೆ ಯೋನಿ ಕಿರಿದಾಗದಂತೆ ಡೈಲೇಟರ್ ಬಳಸಬೇಕು, ಯಾರೂ ಹೇಳದಿದ್ದರೆ ನೀವೇ ಕೇಳಿ.

ಎಷ್ಟೋ ಮನೆಗಳನ್ನು ಸೋಲಿಸುವುದು ಎಂಟು ವಾರ ಊರು ಬಿಟ್ಟಿರುವ ಖರ್ಚು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಧರ್ಮಶಾಲೆ ಇದೆ, ಕಲಬುರಗಿಯಲ್ಲೂ ಅದರ ಕೇಂದ್ರವಿದೆ. ಮೊದಲ ದಿನವೇ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕಂಡು ಉಳಿದುಕೊಳ್ಳಲು ಜಾಗ ಕೇಳಿ, ಬ್ರಾಕಿಥೆರಪಿಯ ತಾರೀಖನ್ನೂ ಆಗಲೇ ಬರೆಸಿಕೊಳ್ಳಿ.