ಶೆಟ್ಟಿಹಳ್ಳಿ ಚರ್ಚು ಯಾರದ್ದು?

ಹೇಮಾವತಿ ಡ್ಯಾಂ ತುಂಬಿದ ಸುದ್ದಿ ಬಂದ ಮರುದಿನದಿಂದಲೇ ನನ್ನ ಮೊಬೈಲಿನಲ್ಲಿ ಶೆಟ್ಟಿಹಳ್ಳಿ ರೀಲ್ಸ್ ಶುರು. ಆ ಡ್ಯಾಮಿನ ಹಿನ್ನೀರಲ್ಲಿ ಪ್ರತಿ ವರ್ಷ ಮುಳುಗಿ ಏಳೋ, ಹಾಸನದ ಹತ್ತಿರದ ಹಳೇ ಚರ್ಚು ಅದು. ಡ್ರೋನು ಮೇಲಿಂದ ಇಳಿಯುತ್ತೆ, ಹಿಂದೆ ಒಂದು ದುಃಖದ ಪಿಯಾನೋ, ಮೇಲೆ ದಪ್ಪ ಅಕ್ಷರದಲ್ಲಿ "ಬ್ರಿಟಿಷರ ಕಾಲದ ತೇಲುವ ಚರ್ಚ್". ಹಾಸನದವನಾಗಿ ನನಗೆ ಇದರ ಮೇಲೆ ತಕರಾರಿದೆ. ಅದು ತೇಲೋದೂ ಇಲ್ಲ, ಬ್ರಿಟಿಷರು ಕಟ್ಟಿದ್ದೂ ಅಲ್ಲ. ಕಟ್ಟಿಸಿದವರು ಫ್ರಾನ್ಸಿನ ಪಾದ್ರಿಗಳು. ಕಾಲ 1860ರ ದಶಕ. ಹೆಸರು ಜಪಸರ ಮಾತೆಯ ದೇವಾಲಯ.

ಇದಕ್ಕೆ ಜೋತುಬಿದ್ದಿರೋ ಇನ್ನೊಂದು ಕತೆ ಇದೆ. ಸಕಲೇಶಪುರ, ಆಲೂರು ಕಡೆಯ ಬಿಳಿ ತೋಟದ ದೊರೆಗಳಿಗೆ ಪ್ರಾರ್ಥನೆ ಮಾಡೋಕೆ ಅಂತ ಈ ಚರ್ಚು ಕಟ್ಟಿದ್ರಂತೆ. ಪ್ರವಾಸಿ ಪುಟಗಳಲ್ಲೆಲ್ಲ ಇದೇ ಸಾಲು, ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಇಳಿಸಿಕೊಂಡಿದ್ದು. ಸ್ವಲ್ಪ ಯೋಚನೆ ಮಾಡಿ. ಮಂಜರಾಬಾದ್ ಸೀಮೆಯಲ್ಲಿ, ಅಂದ್ರೆ ಸಕಲೇಶಪುರದ ಸುತ್ತಮುತ್ತ, ಯುರೋಪಿನವರ ಕಾಫಿ ತೋಟಗಳು ಆಗಿನ್ನೂ ಚಿಗುರುತ್ತಿದ್ದ ಕಾಲ. ಬಂದ ದೊರೆಗಳಲ್ಲಿ ಹೆಚ್ಚಿನವರು ಇಂಗ್ಲೆಂಡು, ಸ್ಕಾಟ್ಲೆಂಡಿನ ಪ್ರೊಟೆಸ್ಟೆಂಟರು, ಅಂದ್ರೆ ಕ್ಯಾಥೋಲಿಕರಿಂದ ಬೇರೆಯಾದ ಪಂಗಡದವರು. ಅವರು ಮಲೆನಾಡಿನಿಂದ ಕುದುರೆ ಏರಿ, ಹಾಸನ ಸೀಮೆಯ ಹೊಲಗಳ ನಡುವಿನ ಒಂದು ಹಳ್ಳಿಗೆ, ಅದೂ ಫ್ರೆಂಚ್ ಕ್ಯಾಥೋಲಿಕ್ ಪಾದ್ರಿಯ ಪೂಜೆಗೆ ಬರ್ತಿದ್ರು ಅಂದ್ರೆ ನನಗಂತೂ ನಂಬಿಕೆ ಬರಲ್ಲ. ಚರ್ಚಿನ ಗಾತ್ರ ನೋಡಿದರೂ ಗೊತ್ತಾಗುತ್ತೆ. ಬೆರಳೆಣಿಕೆಯ ದೊರೆಗಳಿಗೆ ಅಷ್ಟು ದೊಡ್ಡ ಕಟ್ಟಡ ಯಾರಾದರೂ ಕಟ್ಟುತ್ತಾರಾ? ಅದು ಸುತ್ತಲಿನ ಕನ್ನಡ ಮಾತಾಡೋ ಒಕ್ಕಲು ಮಕ್ಕಳು ತುಂಬ್ತಿದ್ದ ಜಾಗ. ರಾಗಿ ಬೆಳೆಯೋರು, ಎತ್ತು ಕಟ್ಟೋರು, ಹಬ್ಬಕ್ಕೆ ಗಾಡಿ ಹೂಡಿಕೊಂಡು ಬರೋರು.

ಈ ಒಕ್ಕಲು ಕ್ರೈಸ್ತರ ಚರಿತ್ರೆ ಕಾಫಿ ದೊರೆಗಳಿಗಿಂತ ಹಳೇದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಚದುರಿಹೋಗಿದ್ದ ಕ್ಯಾಥೋಲಿಕರನ್ನು ಒಟ್ಟುಮಾಡೋಕೆ ಬಂದವರು ಆಬೆ ದುಬ್ವಾ ಅನ್ನೋ ಫ್ರೆಂಚ್ ಪಾದ್ರಿ. ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘದವರು. ಇಲ್ಲಿನವರ ಹಾಗೆಯೇ ಉಟ್ಟು, ಇಲ್ಲಿನ ಊಟ ಮಾಡಿಕೊಂಡು ಓಡಾಡಿದ ಮನುಷ್ಯ. ಜನ ಅವರನ್ನು ದೊಡ್ಡಸ್ವಾಮಿಯವರು ಅಂತ ಕರೀತಿದ್ರು. ನಮ್ಮ ಹಾಸನದ ಹತ್ತಿರದ ಸತ್ತಿಹಳ್ಳಿಯಲ್ಲಿ ದಿಕ್ಕಿಲ್ಲದ ಕ್ರೈಸ್ತ ಕುಟುಂಬಗಳನ್ನು ಬೇಸಾಯಕ್ಕೆ ನೆಲೆಗೊಳಿಸಿದವರು ಅವರೇ. ಸಿಡುಬಿಗೆ ಲಸಿಕೆ ಹಾಕೋ ಪದ್ಧತಿ ಹೊಸದಾಗಿ ಬಂದಾಗ, 1803–04ರ ಸುಮಾರಿಗೆ, ಮೈಸೂರು ಸೀಮೆಯಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದ ಲೆಕ್ಕವೂ ಅವರ ಹೆಸರಲ್ಲಿದೆ.

ತಮಾಷೆ ಏನಂದ್ರೆ, ಇದೇ ದುಬ್ವಾ ಮೂವತ್ತು ವರ್ಷ ಇಲ್ಲಿ ದುಡಿದು 1823ರಲ್ಲಿ ಊರಿಗೆ ವಾಪಸ್ ಹೊರಟಾಗ ಪೂರ್ತಿ ಕೈಚೆಲ್ಲಿದ್ರು. ಈ ದೇಶದ ಜನರನ್ನು ಕ್ರೈಸ್ತರನ್ನಾಗಿ ಮಾಡೋದು ಆಗದ ಹೋಗದ ಕೆಲಸ ಅಂತ ಪತ್ರಗಳನ್ನೇ ಬರೆದು ಅಚ್ಚು ಹಾಕಿಸಿದ್ರು. ಇಂಗ್ಲಿಷ್ ಮಿಷನರಿಗಳು ಕೆಂಡವಾದರು. 1848ರಲ್ಲಿ ದುಬ್ವಾ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಎರಡು ವರ್ಷಕ್ಕೆ, 1850ರಲ್ಲಿ, ಮೈಸೂರಿಗೆ ಬಿಷಪ್ ಶಾರ್ಬೊನೊ ಅವರ ಕೈಕೆಳಗೆ ಸ್ವಂತ ಧರ್ಮಾಡಳಿತ ಬಂತು. ಅದಾಗಿ ಹತ್ತಿಪ್ಪತ್ತು ವರ್ಷದೊಳಗೆ, ದೊಡ್ಡಸ್ವಾಮಿ ಆಸೆ ಬಿಟ್ಟು ಹೋಗಿದ್ದ ಅದೇ ಸೀಮೆಯಲ್ಲಿ ಶೆಟ್ಟಿಹಳ್ಳಿಯ ಗೋಡೆ ಎದ್ದಿತು. ಈ ಕತೆ ಬಿಟ್ಟು ಪಿಯಾನೋ ಹಾಕ್ತಾರಲ್ಲ, ಏನು ಹೇಳೋದು.

ಈಗ ಕಟ್ಟಡದ ವಿಚಾರ. ನೀರು ಇಳಿದ ಮೇಲೆ, ಬೇಸಿಗೆಯಲ್ಲಿ ಹೋಗಿ. ಡ್ರೋನಿಗೆ ಕಾಣದ್ದು ಕಣ್ಣಿಗೆ ಕಾಣುತ್ತೆ. ಉದ್ದನೆಯ ಪ್ರಾಂಗಣ, ಅದರ ಎರಡೂ ಬದಿಗೆ ಮೊನಚು ಕಮಾನುಗಳ ಸಾಲು, ತುದಿಯಲ್ಲಿ ಬಲಿಪೀಠ ಇದ್ದ ಕಡೆ ದುಂಡಗೆ ಬಳಸಿಕೊಂಡ ಗೋಡೆ. ಸೂರು ಇಲ್ಲ. ಗಾರೆ ಕಳಚಿದ ಕಡೆ ಇಟ್ಟಿಗೆ ಕಾಣುತ್ತೆ. ಕಂಬದ ಹತ್ತಿರ ನಿಂತು ಮೇಲಿಂದ ಕೆಳಗೆ ನೋಡಿದರೆ ನೀರು ಬಿಟ್ಟುಹೋದ ಪಟ್ಟೆಗಳಿವೆ. ಒಂದು ಮಣ್ಣಿನ ಬಣ್ಣ, ಅದರ ಕೆಳಗೆ ಪಾಚಿ ಒಣಗಿ ಕಪ್ಪಾದದ್ದು, ಇನ್ನೂ ಕೆಳಗೆ ಬೆರಳು ಹಾಕಿದರೆ ಹಿಟ್ಟಿನ ಹಾಗೆ ಉದುರೋ ಗಾರೆ. ಆ ಉದುರೋ ಜಾಗದಲ್ಲೇ ಯಾವನೋ ಪುಣ್ಯಾತ್ಮ ಕೀಲಿಕೈಯಲ್ಲಿ ತನ್ನ ಹೆಸರು, ಹುಡುಗಿ ಹೆಸರು, ನಡುವೆ ಬಾಣ ಹೊಕ್ಕ ಹೃದಯ ಕೆತ್ತಿದ್ದಾನೆ. ಮುಂದಿನ ಮಳೆಗೆ ಪ್ರೇಮವೂ ಉದುರುತ್ತೆ ಬಿಡಿ.

ನಾವು ಹಾಸನದವರು ಹೊಯ್ಸಳರ ಕಟ್ಟಡ ನೋಡಿ ಬೆಳೆದವರು. ಬೇಲೂರಲ್ಲಾಗಲಿ, ಮೊಸಳೆ ಅನ್ನೋ ಊರಿನ ದೇವಸ್ಥಾನಗಳಲ್ಲಾಗಲಿ ಕಂಬ ನಿಲ್ಲಿಸಿ ತೊಲೆ ಇಟ್ಟು ಮೇಲೆ ಚಪ್ಪಡಿ ಹೊದಿಸಿರೋದು. ಭಾರವೆಲ್ಲ ನೇರ ಕೆಳಕ್ಕೆ. ಕಮಾನಿನ ಲೆಕ್ಕ ಬೇರೆ. ಅದು ಭಾರವನ್ನು ಪಕ್ಕಕ್ಕೂ ತಳ್ಳುತ್ತೆ. ಆ ತಳ್ಳುವಿಕೆಗೆ ಪಕ್ಕದ ಕಮಾನು ಎದೆ ಕೊಡಬೇಕು, ಕೊನೆಯ ಕಮಾನಿಗೆ ಹೊರಗೋಡೆ ಆತು ನಿಲ್ಲಬೇಕು. ಅಂದ್ರೆ ಸಾಲಿನಲ್ಲಿ ಒಂದು ಬಿತ್ತು ಅಂದ್ರೆ ಪಕ್ಕದ್ದಕ್ಕೆ ಆಸರೆ ತಪ್ಪಿತು ಅಂತಲೇ. ಶೆಟ್ಟಿಹಳ್ಳಿಯಲ್ಲಿ ಈಗೀಗ ಆಗ್ತಿರೋದು ಇದೇ. ಒಂದೊಂದೇ ಭಾಗ ಕುಸೀತಾ ಇದೆ.

ಬೆಲ್ಲ, ಮೊಟ್ಟೆ ಹಾಕಿ ಅರೆದ ಗಾರೆ, ಅದಕ್ಕೇ ಇಷ್ಟು ವರ್ಷ ನೀರಲ್ಲಿದ್ದರೂ ಏನೂ ಆಗಿಲ್ಲ ಅಂತ ಎಲ್ಲರೂ ಹೇಳ್ತಾರೆ. ಸುಣ್ಣಕ್ಕೆ ಬೆಲ್ಲದ ನೀರು ಸೇರಿಸೋದು ನಮ್ಮ ಹಳೇ ಗಾರೆಯವರ ಕೈಚಳಕ, ಅದು ಸುಳ್ಳಲ್ಲ. ಆದರೆ ಏನೂ ಆಗಿಲ್ಲ ಅನ್ನೋದು ಶುದ್ಧ ಸುಳ್ಳು. ಗಾರೆ ಗಾಳಿ ಕುಡಿದು ಗಟ್ಟಿಯಾಗೋ ವಸ್ತು. ವರ್ಷದಲ್ಲಿ ಕೆಲವು ತಿಂಗಳು ನೀರಲ್ಲಿ ನೆನೆದು, ಉಳಿದ ತಿಂಗಳು ಬಿಸಿಲಲ್ಲಿ ಬಿರಿದರೆ ಸುಣ್ಣ ಸ್ವಲ್ಪ ಸ್ವಲ್ಪವಾಗಿ ಕರಗಿ ಹೋಗುತ್ತೆ. ಪೂರ್ತಿ ಮುಳುಗೇ ಇದ್ದಿದ್ದರೆ ಬಹುಶಃ ಇನ್ನೂ ಚೆನ್ನಾಗಿರ್ತಿತ್ತು. ಸೂರು ಹೋದ ಮೇಲೆ ಗೋಡೆಯ ನೆತ್ತಿಯಿಂದಲೂ ನೀರು ಇಳಿಯುತ್ತೆ, ಹಕ್ಕಿ ಹಾಕಿದ ಬೀಜ ಅಲ್ಲೇ ಗಿಡವಾಗಿ ಬೇರು ಸಂದಿಗೆ ಇಳಿಸುತ್ತೆ.

ಸರಿ, ಮುಳುಗಿಸಿದ್ದು ಯಾರು? ಗೊರೂರಿನ ಅಣೆಕಟ್ಟು, ಅದೇ ಹೇಮಾವತಿ ಡ್ಯಾಂ. 1979ರಲ್ಲಿ ಮುಗೀತು. 37 ಟಿಎಂಸಿ ನೀರು, ಗರಿಷ್ಠ ಮಟ್ಟ 2922 ಅಡಿ. ಆ ನೀರಿನಿಂದ ಹಾಸನ, ಮಂಡ್ಯ, ತುಮಕೂರು ಸೀಮೆಯ ಎಷ್ಟೋ ಹೊಲ ಗದ್ದೆ ಹಸಿರಾಗಿವೆ. ನಮ್ಮ ಮನೆಯವರೂ ಅದರ ಫಲ ಉಂಡವರೇ. ಅಣೆಕಟ್ಟು ಬೇಡವಾಗಿತ್ತು ಅನ್ನೋ ಧೈರ್ಯ ನನಗಿಲ್ಲ. ಆದರೆ ನೀರು ಬರೋ ಹೊತ್ತಿಗೆ ಆ ಕಟ್ಟಡಕ್ಕೆ ನೂರು ವರ್ಷ ತುಂಬಿತ್ತು. ಕೇಂದ್ರದ 1958ರ ಸ್ಮಾರಕ ಕಾಯ್ದೆ ಪ್ರಾಚೀನ ಅಂತ ಕರೆಯೋಕೆ ಕೇಳೋದೂ ನೂರೇ ವರ್ಷ. ವಯಸ್ಸಿನ ಮಟ್ಟಿಗಂತೂ ಅದು ಪಾಸಾಗಿತ್ತು.

ಮುಳುಗಡೆಯಾಗಿ ಎದ್ದು ಬಂದ ಮನೆಯ ಒಬ್ಬ ಅಜ್ಜಿ ನನಗೆ ಪರಿಚಯ. ಆಕೆಯ ಮದುವೆ ಅದೇ ಚರ್ಚಲ್ಲಿ ಆಗಿದ್ದು. ಮೊಮ್ಮಗಳು ಮೊಬೈಲಲ್ಲಿ ಡ್ರೋನ್ ವಿಡಿಯೋ ತೋರಿಸಿದಾಗ ನಾನೂ ಅಲ್ಲಿದ್ದೆ. "ಎಷ್ಟು ಚೆಂದ ಕಾಣ್ತದೆ ಅಲ್ವಾ ಅಜ್ಜಿ?" ಅಂದಳು ಹುಡುಗಿ. ಅಜ್ಜಿ ಕನ್ನಡಕ ಸರಿ ಮಾಡಿಕೊಂಡು, "ಚೆಂದ ಏನ್ ಬಂತು ಮಗಾ, ನಮ್ಮಪ್ಪನ ಹೊಲ ಅದ್ರ ಎಡಕ್ಕಿತ್ತು, ಅದನ್ನೂ ತೋರ್ಸೋಕೆ ಹೇಳು ಅವ್ನಿಗೆ" ಅಂದರು. ಆಮೇಲೆ ಅರ್ಧ ಗಂಟೆ ಮಾತಾಡಿದ್ದು ಚರ್ಚಿನ ಬಗ್ಗೆ ಅಲ್ಲ, ಬಾವಿ ಬಗ್ಗೆ, ಹುಣಸೆ ಮರದ ಬಗ್ಗೆ, ಹಬ್ಬದ ತೇರು ಯಾವ ಬೀದಿಯಲ್ಲಿ ತಿರುಗ್ತಿತ್ತು ಅನ್ನೋದರ ಬಗ್ಗೆ. ಪರಿಹಾರದ ದುಡ್ಡಿನ ವಿಷಯ ಬಂದಾಗ ಮಾತ್ರ ಎಲೆ ಅಡಿಕೆ ಉಗಿಯೋಕೆ ಎದ್ದು ಹೋದರು.

ಹೋದ ಸಲ ಇದರ ಬಗ್ಗೆ ಎರಡು ಸಾಲು ಬರೆದಾಗ ಒಬ್ಬರು "ಚರ್ಚಿಗೆ ಯಾಕೆ ಇಷ್ಟು ಸಂಕಟ, ಎಷ್ಟು ದೇವಸ್ಥಾನ ಮುಳುಗಿಲ್ಲ?" ಅಂದಿದ್ದರು. ನಿಜ, ಅಣೆಕಟ್ಟು ಜಾತಿ ಧರ್ಮ ನೋಡಲಿಲ್ಲ. ಆ ದೇವಸ್ಥಾನಗಳ ಬಗ್ಗೆಯೂ ಬರೀರಿ, ನಾನು ಓದ್ತೀನಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಊರಿಗೆ ಊರೇ ಬೀಗಿತು, ನಾನೂ ಬೀಗಿದೆ. ಆದರೆ ಹಾಸನದ ಚರಿತ್ರೆ ಅಂದ್ರೆ ಬಳಪದ ಕಲ್ಲು ಮಾತ್ರ ಅನ್ನೋ ಹಾಗೆ ಆಡೋದು ಬೇಡ. ಇಟ್ಟಿಗೆ ಗಾರೆಯಲ್ಲಿ ಕಟ್ಟಿದ್ದೂ ನಮ್ಮ ಕೂಲಿಯವರ ಕೈಯೇ.

ಸುತ್ತ ಗ್ಲಾಸಿನ ಸೇತುವೆ, ಬೋಟಿಂಗು, ಸೆಲ್ಫಿ ಪಾಯಿಂಟು ಮಾಡಿ ಉದ್ಧಾರ ಮಾಡ್ತೀವಿ ಅಂತ ಯಾರಾದರೂ ಬಂದರೆ ದಯವಿಟ್ಟು ಬೇಡ ಅನ್ನಿ. ಗೋಡೆ ಪೂರ್ತಿ ಉಳಿಸೋದು ಸುಲಭವಲ್ಲ, ಪ್ರತಿ ವರ್ಷ ನೀರು ಬಂದೇ ಬರುತ್ತೆ. ಸಿಮೆಂಟು ಮೆತ್ತಿದರಂತೂ ಹಳೇ ಸುಣ್ಣದ ಗೋಡೆಯ ಒಳಗೇ ನೀರು ನಿಂತು ಇನ್ನೂ ಬೇಗ ಬಿಚ್ಚಿಕೊಳ್ಳುತ್ತೆ. ಆದರೆ ಅಳತೆ ತೆಗೆದಿಡೋಕೆ ಏನು ರೋಗ? ಬೇಸಿಗೆಯಲ್ಲಿ ನೆಲ ಒಣಗಿರುತ್ತೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ಹುಡುಗರು ಹೇಗೂ ಸರ್ವೆ ಕ್ಯಾಂಪ್ ಅಂತ ಯಾವುದೋ ಬೋಳು ಗುಡ್ಡ ಅಳೀತಾ ನಿಲ್ತಾರೆ. ಅವರ ಅಳತೆ ಯಂತ್ರ ಟೋಟಲ್ ಸ್ಟೇಷನ್ ಇಲ್ಲಿಗೆ ತಂದು ಕಮಾನಿನ ಅಗಲ, ಕಂಬದ ದಪ್ಪ, ನಿಂತಿರೋ ಗೋಡೆಯ ಎತ್ತರ ಎಲ್ಲ ಅಳೆದು ನಕ್ಷೆ ಬರೀಲಿ. ಜೊತೆಗೆ ಇಬ್ಬರು ಹೋಗಿ ಆ ಅಜ್ಜಿಯಂಥವರ ಎದುರು ಕೂತು, ಬಾವಿ ಎಲ್ಲಿತ್ತು, ತೇರು ಎಲ್ಲಿ ತಿರುಗ್ತಿತ್ತು ಕೇಳಿ ಅದೇ ನಕ್ಷೆಯಲ್ಲಿ ಗುರುತು ಹಾಕಲಿ. ನಿಮ್ಮಲ್ಲಿ ಯಾರಾದರೂ ಲೆಕ್ಚರರ್ ಇದ್ದರೆ ಫೆಬ್ರವರಿಯೊಳಗೆ ಹೇಳಿ. ಊಟ ತಿಂಡಿ ಖರ್ಚು ನನ್ನದು, ಬಸ್ಸಿನದ್ದು ಕಾಲೇಜಿನದ್ದು.