ಪದೇ ಪದೇ ಬೀಳುವ ಆ ಸ್ವಿಚ್ಚನ್ನು ಕೀಳಿಸಬೇಡಿ

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದವರು ಕಾವೇರಿ ನೀರೋ ಬೋರ್‌ವೆಲ್ ನೀರೋ ಎಂದು ವಿಚಾರಿಸುತ್ತಾರೆ, ಪಾರ್ಕಿಂಗ್ ಕೇಳುತ್ತಾರೆ, ವಾಸ್ತುವನ್ನೂ ನೋಡುತ್ತಾರೆ. ಮನೆಯ ಎಲ್ಲ ಕೋಣೆಗಳಿಗೂ ಕರೆಂಟ್ ಹಂಚುವ ಡಿಬಿ ಬಾಕ್ಸಿನ ಮುಚ್ಚಳ ತೆರೆದು ನೋಡುವವರು ಮಾತ್ರ ಅಪರೂಪ. ದಯವಿಟ್ಟು ತೆರೆದು ನೋಡಿ. ಕರೆಂಟ್ ಮಿತಿಮೀರಿ ಹರಿದರೆ ತಾವಾಗಿಯೇ ಬೀಳುವ (ಆಫ್ ಆಗುವ), ಸಾಲಾಗಿ ಕೂತ ಸಣ್ಣ ಎಂಸಿಬಿ ಸ್ವಿಚ್ಚುಗಳ ಪಕ್ಕದಲ್ಲಿ, ಅವಕ್ಕಿಂತ ಅಗಲವಾದ, ‘ಟಿ’ ಅಕ್ಷರದ ಪುಟ್ಟ ಗುಂಡಿಯಿರುವ ಸ್ವಿಚ್ ಒಂದು ಇರಬೇಕು. ಅದೇ ಆರ್‌ಸಿಸಿಬಿ, ಕರೆಂಟ್ ಸೋರಿದರೆ ಬೀಳುವ ಸ್ವಿಚ್. ಹಳಬರು ಈಗಲೂ ಇಎಲ್‌ಸಿಬಿ ಎನ್ನುತ್ತಾರೆ.

‘ಎಂಸಿಬಿ ಇದೆಯಲ್ಲ, ಸಾಕು ಬಿಡಿ’ ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಗೀಸರಿಗೆ ಹಾಕುವ 16 ಅಥವಾ 20 ಆಂಪಿಯರ್ ಎಂಸಿಬಿ, ಅದನ್ನು ಮೀರಿ ಕರೆಂಟ್ ಹರಿದರಷ್ಟೇ ಬೀಳುತ್ತದೆ. ಒದ್ದೆ ಮೈಯವನ ಮೂಲಕ ನೆಲಕ್ಕಿಳಿಯುವ ಕರೆಂಟ್ ಸಾಮಾನ್ಯವಾಗಿ ಅರ್ಧ ಆಂಪಿಯರನ್ನೂ ಮುಟ್ಟುವುದಿಲ್ಲ. ಜೀವ ತೆಗೆಯಲು ಅದು ಧಾರಾಳ, ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಆರ್‌ಸಿಸಿಬಿಯ ಕೆಲಸ ಬೇರೆ. ಫೇಸ್ ವೈರಿನಲ್ಲಿ ಹೋದಷ್ಟೂ ಕರೆಂಟ್ ನ್ಯೂಟ್ರಲ್ ವೈರಿನಲ್ಲಿ ವಾಪಸ್ ಬಂತೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ಕಡಿಮೆಯಾದರೂ ಸಾಕು, ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕ ಕಡಿಯುತ್ತದೆ.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಇದು ಇನ್ನೂ ಮುಖ್ಯ. ಗೀಸರಿನಿಂದ ಬಿಚ್ಚಿ ತೆಗೆದ ಹಳೆಯ ಕಾಯಿಲ್ ನೋಡಿದ್ದೀರಾ? ಆ ಗಡಸು ನೀರಿನಿಂದ ಸುಣ್ಣದಂಥ ಬಿಳಿ ಪದರ ಬೆರಳು ದಪ್ಪ ಕಟ್ಟಿರುತ್ತದೆ. ಅದನ್ನು ಕೆರೆದರೆ ಕೊಳವೆಯ ಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕು. ಕರೆಂಟ್ ನೀರಿಗೆ ಇಳಿಯುವುದು ಅಲ್ಲಿಂದಲೇ. ಮನೆಯ ಅರ್ಥಿಂಗ್ ಕೂಡ ಕೆಟ್ಟಿದ್ದರೆ, ನಲ್ಲಿ ಮುಟ್ಟಿದವರ ಕೈಯೇ ಅದಕ್ಕೆ ದಾರಿ.

ಇನ್ನು, ‘ಸುಮ್ಮಸುಮ್ಮನೆ ಬೀಳುತ್ತದೆ’ ಎಂಬ ದೂರು. ಎಲೆಕ್ಟ್ರಿಷಿಯನ್ ಬರುತ್ತಾನೆ, ಆರ್‌ಸಿಸಿಬಿಯನ್ನು ತಪ್ಪಿಸಿ ಎರಡು ವೈರ್ ತಿರುಗಿಸಿ ನೇರ ಸಂಪರ್ಕ ಕೊಡುತ್ತಾನೆ, ಎಲ್ಲರಿಗೂ ನೆಮ್ಮದಿ. ಇದಕ್ಕಿಂತ ಅಪಾಯದ ರಿಪೇರಿ ನನಗೆ ಗೊತ್ತಿಲ್ಲ. ಅದು ಬೀಳುವುದಕ್ಕೆ ಕಾರಣ ಇದ್ದೇ ಇರುತ್ತದೆ: ಕರೆಂಟ್ ಸೋರುವ ಗೀಸರ್, ಮಳೆಗೆ ನೆನೆದ ಹೊರಗೋಡೆಯ ಬೋರ್ಡ್, ಇಲ್ಲವೇ ಯುಪಿಎಸ್ ಕೂಡಿಸುವಾಗ ಬೇರೆ ಲೈನಿನದರ ಜೊತೆ ಬೆರಕೆಯಾದ ನ್ಯೂಟ್ರಲ್ ವೈರ್. ಈ ಕೊನೆಯದು ನಮ್ಮ ಊರಿನಲ್ಲಿ ತೀರಾ ಮಾಮೂಲು. ಉಪಕರಣಗಳ ಪ್ಲಗ್ ಒಂದೊಂದಾಗಿ ಕಿತ್ತು ಪರೀಕ್ಷಿಸಿದರೆ ಎಷ್ಟೋ ಸಲ ಕಳ್ಳ ಸಿಗುತ್ತಾನೆ. ಸಿಗದಿದ್ದರೆ ತಾಳ್ಮೆಯಿಂದ ವೈರಿಂಗ್ ಪರೀಕ್ಷಿಸುವವರನ್ನು ಕರೆಯಿರಿ, ಕೂಲಿ ಹೆಚ್ಚಾದರೂ ಚಿಂತೆಯಿಲ್ಲ.

ಇದೇನು ಸರ್ವರಕ್ಷಕ ಯಂತ್ರವಲ್ಲ. ನೆಲಕ್ಕೆ ಸೋರಿಕೆಯೇ ಇಲ್ಲದಂತೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದವರನ್ನು ಇದು ಉಳಿಸಲಾರದು. ಅರ್ಥಿಂಗ್ ಬೇಕೇ ಬೇಕು. ತಿಂಗಳಿಗೊಮ್ಮೆ ‘ಟಿ’ ಗುಂಡಿ ಒತ್ತಬೇಕು. ಒತ್ತಿದರೂ ಬೀಳದಿದ್ದರೆ ಕೂಡಲೇ ಎಲೆಕ್ಟ್ರಿಷಿಯನ್‌ನಿಂದ ಬದಲಾಯಿಸಿ.

ಮನೆ ಮಾಲೀಕರಿಗೆ ಒಂದು ಮಾತು. ಲಕ್ಷಗಟ್ಟಲೆ ಅಡ್ವಾನ್ಸ್ ಪಡೆಯುತ್ತೀರಿ, ಖಾಲಿ ಮಾಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತೀರಿ. ಈ ಸ್ವಿಚ್ಚಿನ ಬೆಲೆ ಎರಡು ಮೂರು ಸಾವಿರದ ಆಸುಪಾಸು. ಮುಂದಿನ ಸಂಸಾರ ಹಾಲು ಉಕ್ಕಿಸುವ ಮೊದಲು ಹಾಕಿಸಿಬಿಡಿ.