ಎಸ್‌ಡಬ್ಲ್ಯುಆರ್ ನೋಡದೆ ಮೈಕ್ ಒತ್ತಬೇಡಿ

ಅಮೆರಿಕದ ಪಿಕಪ್‌ಗಳಿಗೆ ಸಿಬಿ ರೇಡಿಯೊ (ವಾಹನದಿಂದ ವಾಹನಕ್ಕೆ ಮಾತಾಡುವ ರೇಡಿಯೊ) ಹಾಕಲು ಮ್ಯಾಗ್ನೆಟ್ ಆಂಟೆನಾ, ಲೈಟರ್ ಸಾಕೆಟ್ ಇದ್ದರೆ ಸಾಕು ಎಂದು ಬರೆದಿದ್ದೀರಿ. ಸಾಲದು. 2015ರ ಮಾಡೆಲ್‌ನಿಂದ ಫೋರ್ಡ್ ಎಫ್-150ರ ಬಾಡಿ ಅಲ್ಯೂಮಿನಿಯಂ, ಮ್ಯಾಗ್ನೆಟ್ ಅಂಟುವುದೇ ಇಲ್ಲ. ಬ್ರಾಕೆಟ್ ಬೇಕು. ಅದು ಕೂರುವಲ್ಲಿ ಪೇಂಟ್ ಕೆರೆದು ಹೊಳೆಯುವ ಲೋಹ ಕಾಣಿಸಬೇಕು, ಇಲ್ಲವಾದರೆ ಅರ್ತ್ ಸಿಗದು. ಹಿಂದಿನ ಬೆಡ್‌ಗೆ (ಸಾಮಾನು ಹೇರುವ ತೊಟ್ಟಿಗೆ) ಆಂಟೆನಾ ಹಾಕುವವರು ಬೆಡ್‌ನಿಂದ ಚಾಸಿಗೆ ಕಲಾಯಿ ಹಾಕಿದ ತಾಮ್ರದ ಹೆಣೆದ ಪಟ್ಟಿ ಬಿಗಿಯಲೇಬೇಕು.

ಪ್ಲಸ್ ವೈರ್ ನೇರ ಬ್ಯಾಟರಿಗೆ, ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ. ಸಾಕೆಟ್‌ನಿಂದ ತೆಗೆದರೆ ಆಲ್ಟರ್ನೇಟರಿನ ಗುಂಯ್ ಸದ್ದು ಸ್ಪೀಕರ್‌ಗೆ ಬರುವುದು ಹೆಚ್ಚು.

ಆಮೇಲೆ ಬಯಲಲ್ಲಿ ನಿಲ್ಲಿಸಿ, ಬಾಗಿಲು ಮುಚ್ಚಿ, ರೇಡಿಯೊ-ಆಂಟೆನಾ ನಡುವೆ ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾದಿಂದ ಎಷ್ಟು ಶಕ್ತಿ ರೇಡಿಯೊಗೆ ವಾಪಸ್ ಬರುತ್ತಿದೆ ಎಂದು ತೋರಿಸುವ ಮೀಟರ್) ಹಾಕಿ 1, 20, 40ನೇ ಚಾನೆಲ್ ನೋಡಿ. 1ರಲ್ಲಿ ರೀಡಿಂಗ್ ಹೆಚ್ಚಿದ್ದರೆ ಆಂಟೆನಾ ಕಡ್ಡಿ ಗಿಡ್ಡವಾಗಿದೆ, 40ರಲ್ಲಿ ಹೆಚ್ಚಿದ್ದರೆ ಉದ್ದವಾಗಿದೆ ಎಂದರ್ಥ, ಸ್ವಲ್ಪಸ್ವಲ್ಪವೇ ಸರಿಪಡಿಸಿ. 1.5ರೊಳಗೆ ಬಂದರೆ ಚೆನ್ನ, 2ರ ತನಕ ನಡೆಯುತ್ತದೆ. ಎಲ್ಲ ಚಾನೆಲ್‌ಗಳಲ್ಲೂ 3 ದಾಟಿದರೆ ದಯವಿಟ್ಟು ಕಡ್ಡಿ ಕತ್ತರಿಸಬೇಡಿ. ಅರ್ತ್ ಬಿಟ್ಟಿರುತ್ತದೆ, ಇಲ್ಲವೇ ಕೋಆಕ್ಸ್ (ಆಂಟೆನಾ ಕೇಬಲ್) ಪ್ಲಗ್‌ನೊಳಗೆ ಹೊರ ಜಾಲರಿಯ ಒಂದು ಕೂದಲೆಳೆ ನಡುತಂತಿಗೆ ತಾಗಿರುತ್ತದೆ. ಹಾಗೇ ಮಾತಾಡುತ್ತಾ ಹೋದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು.